ಗಾಲಿಗೆ ಬಳೆ ಇಟ್ಟ ಕೈ

ಕಮರುದ್ದೀನನ ಬಲಗೈ ಮುರಿದದ್ದು ಒಂದು ಕಾರು. ಅದೂ ರಿಪೇರಿಗೆಂದು ಅವನ ಅಂಗಳಕ್ಕೇ ಬಂದು ನಿಂತಿದ್ದ ಕಾರು. ಮುಂದೆ ಹ್ಯಾಂಡಲ್ ಹಾಕಿ ತಿರುವಿ ಇಂಜಿನ್ ಎಬ್ಬಿಸುವ ಗಾಡಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು, ಉಳಿದ ಬೆರಳುಗಳ ಮಗ್ಗುಲಿಗೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಇಂಜಿನ್ ಹಿಂದಕ್ಕೆ ಒದ್ದಾಗ ಮಣಿಕಟ್ಟು ಹೋಗುತ್ತದೆ ಎಂದು ಹಳೇ ಹುಬ್ಬಳ್ಳಿಯ ಅರ್ಧ ಡ್ರೈವರುಗಳಿಗೆ ಬೈದು ಬೈದು ಕಲಿಸಿದವನು ಅವನೇ. ಅವತ್ತು ಯಾರ ಮೇಲೋ ಸಿಟ್ಟಿನಲ್ಲಿದ್ದ, ಹೆಬ್ಬೆರಳು ಮರೆತ. ಇಂಜಿನ್ ಒದೆಯಿತು.

ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳುವುದು ಕಷ್ಟ, ಯಾಕೆಂದರೆ ಅವನ ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಕೆಲಸದಲ್ಲಿ ಅವನಂಥ ಮಿಸ್ತ್ರಿ ಇನ್ನೊಬ್ಬನಿಲ್ಲ, ಇದು ಖರೆ. ಆದರೆ ಊರಲ್ಲಿದ್ದ ಉಳಿದ ಮಿಸ್ತ್ರಿಗಳಿಗೆ ‘ನಿನಗ ಎತ್ತಿನ ಗಾಡಿ ಕೀಲ ಹಾಕಾಕ ಬರೂದಿಲ್ಲ’ ಎಂದು ಒಬ್ಬೊಬ್ಬರಿಗೂ ಮುಖದ ಮೇಲೆ ಹೇಳಿ ಮುಗಿಸಿದ್ದ. ಆದ್ದರಿಂದ ಕೈ ಮುರಿದ ದಿನ ಅವನ ಅಂಗಳಕ್ಕೆ ಒಬ್ಬ ಮಿಸ್ತ್ರಿಯೂ ಇಣುಕಲಿಲ್ಲ. ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ಯಾರೋ ಅವನನ್ನು ನೋಡಿಯೇ ಕಟ್ಟಿರಬೇಕು.

ಹುಬ್ಬಳ್ಳಿ ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆದ ಹೊಸತರ ಮಾತು ಇದು. ಆ ಕಾರು ಉಪ್ಪಿನಬೆಟಗೇರಿಯ ಹನುಮಪ್ಪಗೌಡನದು, ಹಳೆಯ ವಿಲಾಯತಿ ಗಾಡಿ. ಎರೆಮಣ್ಣಿನ ಗಾಡಿಜಾಡಿನಲ್ಲಿ ಬಿದ್ದು ಬಿದ್ದು ಹಿಂದಿನ ಎರಡು ಗಾಲಿಗಳ ತಗಡು ಸೊಟ್ಟಗಾಗಿತ್ತು. ಗೌಡ ಮಿಲಿಟರಿಯವರ ಹಳೆ ಸಾಮಾನಿನ ಹರಾಜಿನಲ್ಲಿ ದಪ್ಪ ತಗಡಿನ ಎರಡು ಗಾಲಿ ತಂದು, ತಾನೇ ಜಾಣನೆಂದುಕೊಂಡು ಹಾಕಿಬಿಟ್ಟ. ಗಾಲಿಯನ್ನು ಹಿಡಿಯುವುದು ಸ್ಟಡ್ಡು. ಅಚ್ಚಿನ ತುದಿಯಲ್ಲಿ ಗಾಲಿ ಕೂರುವ ಹಬ್ಬಿನ ಬೆನ್ನಿನಿಂದ ತೂರಿ ಬಂದು, ಗಾಲಿಯ ತೂತಿನಾಚೆ ಮೂತಿ ತೋರಿಸುವ ತಿರುಪಿನ ಕೀಲು ಅದು. ಅದರ ಮೂತಿಗೆ ನಟ್ಟು ಕೂರುತ್ತದೆ. ಗಾಲಿಯ ತಗಡು ದಪ್ಪವಾದರೆ ಮೂತಿ ಒಳಗೇ ಉಳಿಯುತ್ತದೆ. ಗೌಡನ ನಟ್ಟುಗಳು ಎರಡು ಮೂರು ಸುತ್ತಿನ ಮೇಲಷ್ಟೇ ನಿಂತಿದ್ದವು. ಮುಗದದಿಂದ ಮರಳುವಾಗ ಒಂದೊಂದಾಗಿ ಸಡಿಲಾಗಿ, ಎಡ ಗಾಲಿ ಕುಡುಕನ ಹಾಗೆ ಓಲಾಡಿ, ಗಾಡಿ ಹೊಲಕ್ಕೆ ಇಳಿದಿತ್ತು. ಗಾಡಿಯಲ್ಲಿ ಗೌಡನೊಬ್ಬನೇ ಇದ್ದದ್ದು ಪುಣ್ಯ.

ಆದರೆ ಬರುವ ಶುಕ್ರವಾರ ಅದೇ ಗಾಡಿಯಲ್ಲಿ ಅದೇ ದಾರಿಯಲ್ಲಿ ಅವನ ಮಗಳು ಕಸ್ತೂರೆವ್ವ ಬರಬೇಕಿತ್ತು. ಮುಗದ ಅವಳ ಗಂಡನ ಊರು. ಚೊಚ್ಚಲ ಬಸಿರು, ದಿನ ತುಂಬುತ್ತ ಬಂದಿದ್ದವು. ಅತ್ತೆ ಹಾಸಿಗೆ ಹಿಡಿದು ಮಲಗಿದ್ದರಿಂದ ಅಲ್ಲಿ ಬಾಣಂತನ ಆಗುವ ಮಾತೇ ಇರಲಿಲ್ಲ. ಚಕ್ಕಡಿಯಲ್ಲಿ ಕುಲುಕಿಸಿ ತರುವುದು ಬೇಡವೆಂದು ಸೂಲಗಿತ್ತಿ ಖಡಾಖಂಡಿತ ಹೇಳಿದ್ದಳು. ಗೌಡ ಗಾಡಿಯನ್ನು ಅಂಗಳದಲ್ಲಿ ಬಿಟ್ಟು ಹೋಗುವಾಗ ಕಮರುದ್ದೀನನ ಕೈ ಹಿಡಿದುಕೊಂಡಿದ್ದ.

“ಮಿಸ್ತ್ರಿ, ಇದು ನನ್ನ ಗಾಡಿ ಮಾತಲ್ಲ. ನನ್ನ ಮಗಳ ಮಾತು.”

“ಗೌಡ್ರ, ಉದ್ದನ್ನ ಸ್ಟಡ್ ಹಾಕಿ ಕೊಡ್ತೇನಿ. ಶುಕ್ರವಾರ ಮುಂಜಾನೆ ಗಾಡಿ ತಯಾರ ಇರ್ತೈತಿ. ಕಮರುದ್ದೀನನ ಮಾತಿದು.”

ಗೌಡ ಆ ಹಿಡಿದ ಕೈ ಬಿಟ್ಟು ಬಸ್ಸಿಗೆ ಹೋದ ಮರುಗಳಿಗೆಯಲ್ಲೇ ಆ ಕೈ ಮುರಿದದ್ದು.

ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು, ತತ್ತಿಯ ಲೇಪ ಹಚ್ಚಿ, ಕೈಯನ್ನು ಕೊರಳಿಗೆ ಕಟ್ಟಿ ಹೋದ. ಬುಧವಾರ ಲೇಥ್ ಅಂಗಡಿಯ ಅಲ್ಲಾಸಾಬ ಹೊಸ ಸ್ಟಡ್ಡುಗಳ ಗಂಟು ತಂದ. ಹಳೆಯ ಅಚ್ಚಿನ ಉಕ್ಕಿನಿಂದ ಕಡೆದವು, ಮೊದಲಿನವಕ್ಕಿಂತ ಒಂದು ಬೆರಳಗಲ ಉದ್ದ, ತಣ್ಣಗೆ ಮಿಂಚುತ್ತಿದ್ದವು. ಬೇಕಾದೀತೆಂದು ಗಾಲಿಗೊಂದು ಹೆಚ್ಚಿಗೇ ಕಡೆದು ತಂದಿದ್ದ. ಗೆಳೆಯನ ಕೈ ನೋಡಿದ, ಗಾಡಿ ನೋಡಿದ.

“ಯಾರನ್ನರ ಕರಿ ಕಮರು. ನಿನ್ನ ಸಲುವಾಗಿ ನಾ ಹೋಗಿ ಕೇಳ್ತೇನಿ.”

“ಅವರ ಕಡೆ ಗೌಡ್ರ ಗಾಡಿ ಕೊಡೂಕಿಂತ ನಾ ಹಲ್ಲಿಲೆ ಪಾನಾ ಹಿಡದು ಮಾಡೇನು.”

ಅಲ್ಲಾಸಾಬ ಗಂಟನ್ನು ಕಟ್ಟೆಯ ಮೇಲಿಟ್ಟು ಹೋದ. ಕಮರುದ್ದೀನ ಕಟ್ಟೆಯ ಮೇಲೆ ಕುಳಿತ. ಬೈಯಲು ಎದುರಿಗೆ ಯಾರೂ ಇರದಿದ್ದಾಗ ಅವನು ತೀರ ಸಣ್ಣವನಾಗಿ ಕಾಣುತ್ತಿದ್ದ. ಕೊಟ್ಟ ಮಾತು ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ಒಳಗಿನಿಂದ ಹೆಂಡತಿ ಮೈಮುನಾ ಚಹಾ ತಂದಿಟ್ಟಳು. ಅವಳದು ಬಳೆಗಾರರ ಮನೆತನ. ಮದುವೆಯಾದ ಮೇಲೂ ಕಸುಬು ಬಿಟ್ಟಿರಲಿಲ್ಲ. ದುರ್ಗದಬೈಲಿನಲ್ಲಿ ಅಣ್ಣನ ಅಂಗಡಿಯಿಂದ ಬಳೆ ತಂದು, ಹಗ್ಗಕ್ಕೆ ಪೋಣಿಸಿದ ಮಲಾರ ಹೆಗಲಿಗೆ ಹಾಕಿಕೊಂಡು ಸುತ್ತಿನ ಹಳ್ಳಿಗೆಲ್ಲ ಹೋಗುವವಳು. ಕಳೆ ಕಿತ್ತು, ಕಟ್ಟಿಗೆ ಒಡೆದು ಕೊರಡಾದ ಕೈಗೂ ಗಾಜಿನ ಬಿಗಿ ಬಳೆಯನ್ನು ಒಂದೂ ಒಡೆಯದಂತೆ ಏರಿಸುತ್ತಾಳೆಂದು ಹೆಣ್ಣುಮಕ್ಕಳು ಅವಳ ದಾರಿ ಕಾಯುತ್ತಿದ್ದರು. ಆದರೂ ಓಣಿಯಲ್ಲಿ ಅವಳಿಗೆ ಇದ್ದ ಹೆಸರು ‘ಮಿಸ್ತ್ರಿ ಹೇಣ್ತಿ’ ಎಂದೇ.

“ನಾ ಹಾಕ್ತೇನಿ,” ಎಂದಳು.

“ಏನ ಹಾಕ್ತಿ?”

“ಆ ಸ್ಟಡ್ಡು. ನಿಮ್ಮ ಕೈ ಮುರದೈತಿ, ಬಾಯಿ ಗಟ್ಟಿ ಐತಲ್ಲ. ನೀವು ಹೇಳ್ರಿ, ನಾ ಮಾಡ್ತೇನಿ.”

“ಇದು ಬಳಿ ಅಲ್ಲ ಮೈಮುನಾ.”

“ಗೊತ್ತೈತ್ರಿ. ಬಳಿ ಇಡೂ ಮುಂದ ನಾ ಮೊದಲ ಹೆಬ್ಬಟ್ಟ ಒಳಗ ಮಡಚಸ್ತೇನಿ. ನೀವು ಅಷ್ಟು ಮಾಡಿದ್ರ ಇವತ್ತ ಈ ಗಾಡಿ ನನ್ನ ಕೈಗೆ ಬರತಿರಲಿಲ್ಲ.”

ಇಂಥ ಮಾತನ್ನು ಬೇರೆ ಯಾರೇ ಆಡಿದ್ದರೂ ಕಮರುದ್ದೀನ ಅವರನ್ನು ಓಣಿಯ ಕೊನೆತನಕ ಅಟ್ಟಿಕೊಂಡು ಹೋಗುತ್ತಿದ್ದ. ಚಹಾ ಕುಡಿದ. ಬೇರೆ ದಾರಿ ಇರಲಿಲ್ಲ.

ಗುರುವಾರ ಬೆಳಕು ಹರಿಯುತ್ತಲೇ ಮೈಮುನಾ ಸೆರಗು ಬಿಗಿದು ಗಾಡಿಯ ಪಕ್ಕ ಕುಳಿತಳು. ಮುಂದಿನ ಗಾಲಿಗೆ ಕಲ್ಲು ಕೊಟ್ಟಳು. ನೆಲ ಮೆತ್ತಗಿದ್ದಲ್ಲಿ ಜಾಕಿನ ಕೆಳಗೆ ಹಲಗೆ ಇಡಬೇಕೆಂದು ಅವನು ಹೇಳುವ ಮೊದಲೇ ಹಲಗೆ ತಂದಿಟ್ಟಿದ್ದಳು. ಇಷ್ಟು ವರ್ಷ ಹೊಸ್ತಿಲಲ್ಲಿ ಬಳೆ ಪೋಣಿಸುತ್ತ ಕೂತವಳು ಏನೇನು ನೋಡಿಟ್ಟುಕೊಂಡಿದ್ದಾಳೆಂಬುದು ಅವನಿಗೆ ಆವರೆಗೆ ಹೊಳೆದಿರಲಿಲ್ಲ.

ಆ ಜಾತಿಯ ಗಾಡಿಗೆ ಒಂದು ಚಾಳಿ ಇತ್ತು. ಬಲ ಮಗ್ಗುಲಿನ ಗಾಲಿಗೆ ಎಲ್ಲ ಕಡೆಯಂತೆ ಬಲ ತಿರುಪು, ಎಡ ಮಗ್ಗುಲಿಗೆ ಎಡ ತಿರುಪು. ಎಡ ಗಾಲಿಯ ನಟ್ಟು ಬಿಗಿಯಲು ಎಡಕ್ಕೆ ತಿರುವಬೇಕು, ಬಿಚ್ಚಲು ಬಲಕ್ಕೆ. ಇದು ತಲೆಗೆ ಹೋಗದೆ ಬಿಚ್ಚುವ ನಟ್ಟನ್ನು ಬಿಗಿದು ಬಿಗಿದು ಸ್ಟಡ್ಡು ಮುರಿದುಕೊಂಡ ಮಿಸ್ತ್ರಿಗಳನ್ನು ಕಮರುದ್ದೀನ ಬೇಕಾದಷ್ಟು ನೋಡಿದ್ದ. ಆದ್ದರಿಂದ ತುಂಬ ಹೊತ್ತು ವಿವರಿಸಲು ಅಣಿಯಾಗಿ ಗಂಟಲು ಸರಿಮಾಡಿಕೊಂಡ.

“ಎಡಗೈ ಬಳಿ ಎಡಕ್ಕ ಹೊಳ್ಳಿಸಿ ಏರಸ್ತೇವಿ, ಬಲಗೈದು ಬಲಕ್ಕ,” ಎಂದಳು ಮೈಮುನಾ, ಅವನು ಒಂದೇ ಮಾತು ಮುಗಿಸುವಷ್ಟರಲ್ಲಿ. “ಗಾಡೀಗೂ ಎರಡು ಕೈ ಅದಾವ ಅನ್ರಿ.”

ನಟ್ಟು ತಿರುವುವ ಪಾನಾ ಹಚ್ಚಿ, ಅದರ ತುದಿಗೆ ಪೈಪು ತೂರಿಸಿ ಮೈಭಾರ ಹಾಕಿದಳು. ನಟ್ಟು ಕಿರ್ರೆಂದು ಬಿಟ್ಟಿತು. ಗಾಲಿ ಇಳಿಯಿತು. ಬ್ರೇಕಿನ ಡ್ರಮ್ಮು ಸುತ್ತಲೂ ಮೆಲ್ಲಗೆ ತಟ್ಟಿಸಿಕೊಂಡು ಹೊರಬಂತು. ಹಳೆಯ ಗಿಡ್ಡ ಸ್ಟಡ್ಡುಗಳನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆದು, ಅವುಗಳ ತಲೆ ಹೊರಬರುವಷ್ಟು ಜಾಗ ಇರುವ ಒಂದೇ ಮೂಲೆಗೆ ಹಬ್ಬನ್ನು ತಿರುಗಿಸಿ ತಿರುಗಿಸಿ ತೆಗೆದಳು. ಕಮರುದ್ದೀನ ಬೈಯಲು ಬಾಯಿ ತೆರೆದುಕೊಂಡೇ ಕೂತಿದ್ದ, ಜಾಗ ಸಿಗಲಿಲ್ಲ.

ಹೊಸದನ್ನು ಹಾಕುವಾಗ ಸಿಕ್ಕಿತು. ಸ್ಟಡ್ಡಿನ ತಲೆಯ ಕೆಳಗೆ ಸಣ್ಣ ಸಣ್ಣ ಹಲ್ಲು ಇರುತ್ತವೆ. ಅವು ಹಬ್ಬಿನ ತೂತನ್ನು ಕಚ್ಚಿ ಕೂರಬೇಕು, ಇಲ್ಲದಿದ್ದರೆ ನಟ್ಟಿನ ಜೊತೆ ಸ್ಟಡ್ಡೂ ತಿರುಗುತ್ತದೆ.

“ಹಿಂದಿನಿಂದ ಬಡಿ,” ಎಂದ. ಅವನು ಯಾವಾಗಲೂ ಹಾಗೇ ಮಾಡುತ್ತಿದ್ದ. ಕಬ್ಬಿಣದಂಥ ತೋಳು, ಅಳತೆ ತಪ್ಪದ ಎರಡು ಏಟು, ಕೆಲಸ ಮುಗಿಯಿತು.

ಮೈಮುನಾ ಬಡಿದಳು. ಹಬ್ಬಿನ ಬೆನ್ನಿಗೆ ಸುತ್ತಿಗೆ ಬೀಸುವಷ್ಟು ಜಾಗವಿಲ್ಲ, ಏಟು ಓರೆಯಾಯಿತು. ಸ್ಟಡ್ಡು ಅರ್ಧ ಹೋಗಿ ವಾರೆಯಾಗಿ ಸಿಕ್ಕಿಕೊಂಡಿತು.

“ಕೆಡಿಸಿದೆಲ್ಲ! ಹೇಳಿದ್ನಿಲ್ಲೊ ಇದು ಬಳಿ ಅಲ್ಲಂತ? ನಾಳೆ ಆ ಹೆಣ್ಣುಮಗಳು ಇದರ ಮ್ಯಾಲೆ ಕೂತು ಬರಬೇಕು. ಗೌಡಗ ಏನ ಮಾರಿ ತೋರಸ್ಲಿ?”

ಮೈಮುನಾ ಬಡಿಯುವುದನ್ನು ನಿಲ್ಲಿಸಿದಳು. ವಾರೆಯಾದ ಸ್ಟಡ್ಡನ್ನು ಹಿಂದಕ್ಕೆ ಹೊಡೆದು ತೆಗೆದು ಅಂಗೈಯಲ್ಲಿಟ್ಟುಕೊಂಡು, ತೂತಿನೊಳಗೆ ಬೆರಳಾಡಿಸಿ ನೋಡಿದಳು. ಗಂಡನ ಕೂಗು ತಾನಾಗಿ ದಣಿದು ನಿಲ್ಲುವ ತನಕ ಹಾಗೇ ಕೂತಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ ತನ್ನ ಬಳೆಯ ಬುಟ್ಟಿಯಿಂದ ಸಾಬೂನಿನ ತುಂಡು ತಂದಳು.

“ಕೇಳ್ರಿ ಇಲ್ಲೆ. ಬಳಿ ಹಿಂದಿಂದ ದಬ್ಬಿದ್ರ ಒಡೀತೈತಿ. ಮುಂದಿಂದ ಕೈ ಹಿಡದು ಎಳಕೋಬೇಕು, ಸುತ್ತೂ ಸಮ ಎಳಕೋಬೇಕು. ಇದನ್ನೂ ಎಳಕೊಳ್ಳಾಕ ಬರೂದಿಲ್ಲೇನು?”

“ಎದರ್ಲೆ ಎಳೀತಿ?”

“ನಟ್ಟಿಲೇ.”

ಅಂಗಳದ ಮೂಲೆಯ ಕಬ್ಬಿಣದ ಗುಡ್ಡೆಯಿಂದ ಪೈಪಿನ ಗಿಡ್ಡ ತುಂಡೊಂದನ್ನು ಹುಡುಕಿ ತಂದಳು. ಅಲ್ಲಾಸಾಬನ ಹೆಚ್ಚಿಗೆ ಸ್ಟಡ್ಡನ್ನು ತೆಗೆದುಕೊಂಡು, ಹಳೆಯ ಹಲ್ಲುಗಳು ಬಿಟ್ಟುಹೋದ ಗೆರೆಗೇ ಹೊಸ ಹಲ್ಲು ಹೊಂದುವಂತೆ ಬೆರಳ ತುದಿಯಿಂದ ತಡವಿ ತಡವಿ ಹಿಂದಿನಿಂದ ತೂರಿಸಿದಳು. ಮುಂದೆ ಇಣುಕಿದ ಮೂತಿಗೆ ಪೈಪಿನ ತುಂಡು ತೊಡಿಸಿ, ಅದರ ಮೇಲೆ ವಾಷರು ಪೇರಿಸಿ, ಸಾಬೂನು ಸವರಿ, ನಟ್ಟು ಹಚ್ಚಿ ಪಾನಾದಿಂದ ತಿರುವತೊಡಗಿದಳು. ನಟ್ಟಿಗೆ ಮುಂದೆ ಹೋಗಲು ಜಾಗವಿಲ್ಲ, ಆದ್ದರಿಂದ ಸ್ಟಡ್ಡೇ ಅದರ ಕಡೆಗೆ ಬರಬೇಕಾಯಿತು. ಕೂದಲೆಳೆ ಕೂದಲೆಳೆಯಾಗಿ ಬಂತು. ನಡುನಡುವೆ ನಿಲ್ಲಿಸಿ, ಓರೆಯಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ತಿರುವಿದಳು.

ಕಮರುದ್ದೀನ ಕಟ್ಟೆಯಿಂದ ಇಳಿದು ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ನಟ್ಟಿನಿಂದ ಎಳೆಯುವ ಉಪಾಯ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಯಾರೋ ಎಂದೋ ಹೇಳಿದ್ದರು. ತೋಳಿನಲ್ಲಿ ಶಕ್ತಿ ಇಲ್ಲದವರ ಆಟವೆಂದು ನಕ್ಕು ಬಿಟ್ಟಿದ್ದ. ಈಗ ನಗು ಬರಲಿಲ್ಲ. ಆ ಬೆರಳುಗಳನ್ನೇ ನೋಡುತ್ತ ಕೂತ. ಇಷ್ಟು ವರ್ಷ ಈ ಕೈಯ ರೊಟ್ಟಿ ತಿಂದಿದ್ದ. ಇಂಥ ಕೈಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

“ಸಾಕಾತು,” ಎಂದಳು ಒಮ್ಮೆಲೇ ಪಾನಾ ನಿಲ್ಲಿಸಿ.

“ಹ್ಯಾಂಗ ಗೊತ್ತಾತು?”

“ಬಳಿ ಬೆರಳ ಗಂಟು ದಾಟಿತಂದ್ರ ಕೈ ಉಸರು ಬಿಡ್ತೈತಿ. ಇದು ಉಲ್ಟಾ. ಕೂತ ಮ್ಯಾಲೆ ಉಸರು ಹಿಡಕೋತು.”

ಅವನು ಎಡಗೈಯಿಂದ ಹಬ್ಬಿನ ಬೆನ್ನು ತಡವಿದ. ಸ್ಟಡ್ಡಿನ ತಲೆ ಉಗುರು ತೂರದಂತೆ ಸುತ್ತಲೂ ಸಮ ಕೂತಿತ್ತು. ಅವನ ಸುತ್ತಿಗೆಯಿಂದ ಕೂತವು ಹೀಗೆ ಕೂರುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಒಂದು ಗಳಿಗೆ ಬೇಕಾಯಿತು.

“ಛಲೋ ಆತು,” ಎಂದ.

ಮೈಮುನಾ ಪಾನಾ ಹಿಡಿದುಕೊಂಡೇ ಅವನ ಮುಖ ನೋಡಿದಳು. ಆ ಬಾಯಿಂದ ಆ ಮಾತು ಯಾರಿಗಾದರೂ ಬಂದದ್ದನ್ನು ಅವಳು ಕೇಳಿದ್ದೇ ಇಲ್ಲ. ಆಮೇಲೆ ಮುಂದಿನ ಸ್ಟಡ್ಡು ಎತ್ತಿಕೊಂಡಳು. ಬಿಸಿಲು ಇಳಿಯುವ ಮೊದಲು ಎರಡೂ ಗಾಲಿ ಏರಿದ್ದವು. ಪಕ್ಕಪಕ್ಕದ ನಟ್ಟು ಬಿಗಿಯದೆ ಎದುರುಬದುರಿನವನ್ನು ಸ್ವಲ್ಪ ಸ್ವಲ್ಪ ಬಿಗಿಯುತ್ತ ಹೋದಳು. ನಟ್ಟುಗಳನ್ನು ದಾಟಿ ಹೊಸ ಸ್ಟಡ್ಡುಗಳ ಮೂತಿ ಧಾರಾಳವಾಗಿ ಹೊರಗೆ ಚಾಚಿಕೊಂಡಿದ್ದವು.

ಶುಕ್ರವಾರ ಮುಂಜಾನೆ ಹನುಮಪ್ಪಗೌಡ, ಹೆಂಡತಿ ಉಡಚವ್ವ ಮೊದಲ ಬಸ್ಸಿಗೇ ಬಂದಿಳಿದರು. ಗೌಡ ಮೊದಲು ನೋಡಿದ್ದು ಕೊರಳಿಗೆ ಕಟ್ಟಿದ ಕೈಯನ್ನು. ಅವನ ಮುಖ ಬಿಳಚಿತು.

“ಗಾಡಿ ಯಾರು ಮಾಡಿದ್ರು?”

ಅಲ್ಲಾಸಾಬ ಮಾಡಿದನೆಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಹೇಳೆಂದು ಮೈಮುನಾಳೇ ರಾತ್ರಿ ಊಟದ ಹೊತ್ತಿಗೆ ಅಂದಿದ್ದಳು. ಕಮರುದ್ದೀನ ಎದೆ ಸೆಟೆಸಿ ನಿಂತ.

“ನನ್ನ ಹೇಣ್ತಿ ಮಾಡ್ಯಾಳ್ರಿ.”

ಗೌಡ ಗಾಡಿಯ ಸುತ್ತ ಬಂದ. ಪಾನಾ ತೆಗೆದುಕೊಂಡು ಒಂದು ನಟ್ಟು ಅಲುಗಿಸಿ ನೋಡಿದ, ಜಗ್ಗಲಿಲ್ಲ. ಇನ್ನೊಂದು ನೋಡಿದ. ಆದರೂ ಅವನ ಮುಖ ತಿಳಿಯಾಗಲಿಲ್ಲ.

“ಹಂಗಲ್ಲ ಮಿಸ್ತ್ರಿ. ಬ್ಯಾರೆ ದಿನ ಆಗಿದ್ರ ನಾ ಸುಮ್ಮನ ಹತ್ತಿ ಹೋಗ್ತಿದ್ದೆ. ಇವತ್ತ ನನ್ನ ಮಗಳು ಕೂಡ್ರಾಕಿ. ಯಾರರ ಒಬ್ಬ ಗಂಡಸು ಮಿಸ್ತ್ರಿ ಒಮ್ಮೆ ನೋಡಿಬಿಟ್ಟಿದ್ರ...”

“ನಾ ನೋಡೇನಲ್ರಿ. ಮುರದದ್ದು ಕೈ, ಕಣ್ಣಲ್ಲ. ನಾ ಹಾಕಿದ್ರ ಇಷ್ಟು ಛಲೋ ಆಗ್ತಿರಲಿಲ್ಲ. ಆಕಿ ನನ್ನ ಹೇಣ್ತಿ ಅಂತ ನಾ ಇದನ್ನ ಹೇಳಾಕತ್ತಿಲ್ಲ.”

ಉಡಚವ್ವ ಗಂಡನ ಕಡೆ ತಿರುಗಿದಳು.

“ಕಸ್ತೂರಿಗೆ ಮದುವಿ ಬಳಿ ಇಟ್ಟಾಕಿ ಈಕಿನ. ಆ ಹುಡುಗಿ ಕೈ ಆಗ ಬಾತಿತ್ತು, ಮುಟ್ಟಿದ್ರ ಚೀರತಿದ್ಲು. ಒಂದು ಬಳಿ ಒಡೀಲಿಲ್ಲ, ಒಂದು ಗೆರಿ ಮೂಡಲಿಲ್ಲ. ನನಗ ಈ ಕೈ ಮ್ಯಾಲೆ ನಂಬಿಕಿ ಐತಿ. ನಿಮಗಿಲ್ಲಂದ್ರ ನೀವು ಬಸ್ಸಿಗೆ ಬರ್ರಿ.”

ಮೈಮುನಾ ಒಳಗೆ ಹೋಗಿ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಪಾನಾ ಹಿಡಿದು ಬಂದಳು. “ಹೊಸಾ ಬಳಿ ಸ್ವಲ್ಪ ಕೆಲಸ ಮಾಡಿದ ಮ್ಯಾಲೆ ತಮ್ಮ ಜಾಗಾ ಹಿಡೀತಾವ. ನಟ್ಟೂ ಹಂಗ. ದಾರ್ಯಾಗ ಮತ್ತೊಮ್ಮಿ ಬಿಗೀಬೇಕು, ನಾನೂ ಬರ್ತೇನ್ರಿ,” ಎಂದು ಹಿಂದಿನ ಸೀಟಿನ ಎಡಕ್ಕೆ, ಹೋದ ಸಲ ಓಲಾಡಿದ ಆ ಗಾಲಿಯ ನೆತ್ತಿಯ ಮೇಲೇ ಹೋಗಿ ಕೂತಳು. ಗೌಡ ನಡೆಸಲು ಕೂತ, ಉಡಚವ್ವ ಮೈಮುನಾಳ ಮಗ್ಗುಲಿಗೆ. ಕಮರುದ್ದೀನ ಮುಂದೆ ಹತ್ತಿದ.

ಧಾರವಾಡ ದಾಟಿ ಮುಗದದ ದಾರಿ ಹಿಡಿಯುವಲ್ಲಿ ಮೈಮುನಾ ಗಾಡಿ ನಿಲ್ಲಿಸಲು ಹೇಳಿ ಇಳಿದಳು. ಎಡ ಗಾಲಿಯ ಎರಡು ನಟ್ಟು ತುಸುವೇ ಬಿಟ್ಟುಕೊಟ್ಟಿದ್ದವು. ಎಡಕ್ಕೆ ತಿರುವಿ ಬಿಗಿದಳು. ಕೈಮರದ ಕಟ್ಟೆಯ ಮೇಲೆ ಕೂತಿದ್ದವರು ಮಲಾರ ಹೊತ್ತ ಹೆಂಗಸು ಕಾರಿನ ಗಾಲಿ ಬಿಗಿಯುವುದನ್ನು ಬೀಡಿ ಆರಿದ್ದೂ ತಿಳಿಯದೆ ನೋಡಿದರು.

ಮರಳುವಾಗ ಕಸ್ತೂರೆವ್ವ ಹಿಂದಿನ ಸೀಟಿನಲ್ಲಿ ತಾಯಿಗೂ ಮೈಮುನಾಳಿಗೂ ನಡುವೆ ಕೂತಿದ್ದಳು. ಗೌಡ ಬಸವನಹುಳುವಿನ ಹಾಗೆ ಮೆಲ್ಲಗೆ ನಡೆಸುತ್ತಿದ್ದ. ಗಾಲಿ ಸಡಿಲಾಗಿದ್ದ ಆ ಜಾಗ ಬಂತು. ಎದುರಿನಿಂದ ಹುಲ್ಲಿನ ಚಕ್ಕಡಿ ಬಂದದ್ದಕ್ಕೆ ದಾರಿ ಬಿಡಹೋಗಿ, ಒಣಗಿ ಕಲ್ಲಾದ ಗಾಡಿಜಾಡಿಗೆ ಎಡ ಗಾಲಿ ದಡಲ್ಲೆಂದು ಬಿತ್ತು. ಕಸ್ತೂರೆವ್ವ ‘ಯವ್ವಾ’ ಎಂದು ಹೊಟ್ಟೆ ಹಿಡಿದುಕೊಂಡಳು. ಕಮರುದ್ದೀನ ಎಡಗೈಯಿಂದ ಬಾಗಿಲು ಬಿಗಿಹಿಡಿದ. ಗಾಡಿ ಒಮ್ಮೆ ಕುಲುಕಿ, ಜಾಡಿನಿಂದ ಮೇಲೆದ್ದು, ಏನೂ ಆಗದ ಹಾಗೆ ನೆಟ್ಟಗೆ ಮುಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಗೌಡ ಕನ್ನಡಿಯಲ್ಲಿ ಮೈಮುನಾಳ ಮುಖ ನೋಡಿದ. ಅವಳು ಕಸ್ತೂರೆವ್ವನ ಅಂಗೈ ನೀವುತ್ತ, ಈ ಸಲ ಯಾವ ಅಳತೆಯ ಹಸಿರು ಬಳೆ ಬೇಕಾದೀತೆಂದು ಲೆಕ್ಕ ಹಾಕುತ್ತಿದ್ದಳು.

ಉಪ್ಪಿನಬೆಟಗೇರಿಯ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದ್ದರು. ಮೈಮುನಾ ಚಾಪೆಯ ಮೇಲೆ ಕೂತು ಕಸ್ತೂರೆವ್ವನ ಎರಡೂ ಕೈ ತುಂಬ ಹಸಿರು ಬಳೆ ಇಟ್ಟಳು. ಬಳೆ ಇಟ್ಟ ಕೈಗೆ ನಮಸ್ಕಾರ ಮಾಡಬೇಕು, ಜಾತಿ ಯಾವುದಾದರೂ ಇರಲಿ, ಇದು ಹಿಂದಿನಿಂದ ನಡೆದು ಬಂದದ್ದು. ಕಸ್ತೂರೆವ್ವ ಬಗ್ಗಲು ಹೋದಳು, ಹೊಟ್ಟೆ ಬಿಡಲಿಲ್ಲ.

“ನೀ ಬಗ್ಗಬ್ಯಾಡವ್ವ. ನಿನ್ನ ಬದಲಿ ನಾ ಬಗ್ಗತೇನಿ,” ಎಂದ ಗೌಡ. ಊರ ನಡುವೆ ಯಾರಿಗೂ ತಲೆ ತಗ್ಗಿಸದ ಆ ಮೀಸೆಯ ಮನುಷ್ಯ ತಲೆಯ ಪಟಕಾ ತೆಗೆದಿಟ್ಟು ಚಾಪೆಯ ಮುಂದೆ ನೆಲ ಮುಟ್ಟಿ ನಮಸ್ಕರಿಸಿದ. ಮೈಮುನಾ ಗಾಬರಿಯಾದಳು. ಗಾಬರಿಯಲ್ಲಿ ಬಾಯಿಗೆ ರೂಢಿಯಾದದ್ದೇ ಬಂತು.

“ಕೈ ತುಂಬ ಬಳಿ ಇರಲಿ, ಉಡಿ ತುಂಬ ಮಕ್ಕಳಾಗಲಿ, ನಿನ್ನ ತವರು ತಣ್ಣಗಿರಲಿ ನನ್ನವ್ವಾ.”

ಪಡಸಾಲೆ ನಕ್ಕು ನಕ್ಕು ಸುಸ್ತಾಯಿತು. ಗೌಡ ಮೀಸೆಯೊಳಗೇ ನಕ್ಕು, “ಎಲ್ಲಾ ಆಗ್ಲಿ ಅಕ್ಕಾ, ಎಲ್ಲಾ ಇರ್ಲಿ,” ಎಂದು ಕಣ್ಣೊರೆಸಿಕೊಂಡ.

ಕಂಬಕ್ಕೆ ಒರಗಿ ನಿಂತಿದ್ದ ಕಮರುದ್ದೀನ ಹೆಂಡತಿಯ ಕೈಯನ್ನೇ ನೋಡುತ್ತಿದ್ದ. ಪಕ್ಕದ ಮನೆಯ ಮುದುಕನೊಬ್ಬ ಅವನ ಕೊರಳಿಗೆ ಕಟ್ಟಿದ ಕೈ ನೋಡಿ, “ತಮ್ಮಾ, ಗೌಡನ ಗಾಡಿ ಮಾಡಿದ ಹುಬ್ಬಳ್ಳಿ ಮಿಸ್ತ್ರಿ ನೀನ ಅಲ್ಲಪಾ?” ಎಂದು ಕೇಳಿದ.

ಕಮರುದ್ದೀನ ಚಾಪೆಯ ಕಡೆ ಎಡಗೈ ಚಾಚಿ ತೋರಿಸಿದ.

“ಮಿಸ್ತ್ರಿ ಅಲ್ಲಿ ಕೂತಾಕೀರಿ ಅಜ್ಜಾರ. ನಾ ಆಕಿ ಗಂಡ.”